ಮೀನು ಮುಖ ಮಾಡಿದ ದಿಕ್ಕು

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಬೆಳಗಾವಿಯ ಅನಗೋಳದ ಮನೆಯಲ್ಲಿ ಕರೆಂಟು ಹೋಯಿತು.

ಗಾಜಿನ ತೊಟ್ಟಿಯ ಎರಡು ಪಂಪುಗಳೂ ಒಟ್ಟಿಗೆ ನಿಂತವು. ಇಷ್ಟು ಹೊತ್ತು ತಾನು ಕೇಳುತ್ತಿದ್ದದ್ದು ನೀರಿನ ಸದ್ದು ಎಂಬುದು, ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ಪ್ರಮಿಳಾಗೆ, ಅದು ನಿಂತ ಮೇಲೆ ತಿಳಿಯಿತು.

"ಆ ತಂಬಿಗಿ ಇತ್ತ ಕೊಡ್ರಿ," ಎಂದಳು ಸ್ನೇಹಲ, ತಿರುಗಿ ನೋಡದೆ.

ಅದು ಪೊಲೀಸರಿಗೆ ಹೇಳುವ ಧಾಟಿಯಾಗಿರಲಿಲ್ಲ. ನೆರೆಮನೆಯವಳಿಗೆ ಹೇಳಿದಂತಿತ್ತು. ಪ್ರಮಿಳಾ ಕಿಟಕಿಯ ಕಟ್ಟೆಯ ಮೇಲಿದ್ದ ಸ್ಟೀಲಿನ ತಂಬಿಗೆ ಎತ್ತಿಕೊಟ್ಟಳು.

ಸ್ನೇಹಲ ಅದನ್ನು ತೊಟ್ಟಿಯಲ್ಲಿ ಅದ್ದಿ ತುಂಬಿಸಿ, ಮೊಳದೆತ್ತರದಿಂದ ಅದೇ ನೀರಿಗೆ ಸುರಿದಳು. ಮತ್ತೆ ಅದ್ದಿದಳು, ಮತ್ತೆ ಸುರಿದಳು. ನೀರಿನೊಳಗೆ ಗುಳ್ಳೆಗಳೆದ್ದು ಕಲ್ಲುಗಳ ನಡುವೆ ಹೋಗಿ ಒಡೆದವು.

"ಇನ್ವರ್ಟರ್ ಇಲ್ಲೇನ್ರಿ?"

"ಬ್ಯಾಟರಿ ಕೆಟ್ಟು ತಿಂಗಳಾತ್ರಿ. ತರ್ತೀನಿ ತರ್ತೀನಿ ಅಂತಿದ್ರು." ತಂಬಿಗೆ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. "ಇವು ಹಳ್ಳದ ಮೀನು. ಬಾಕಿ ಮೀನು ನಿಂತ ನೀರಾಗೂ ಬದಕ್ತಾವ, ಇವಕ್ಕ ಉಸಿರಾಡಾಕ ಆಗಂಗಿಲ್ಲ. ನೀರು ಹರೀತಿರಬೇಕು, ಇಲ್ಲಾ ಹಿಂಗ ಸುರೀತಿರಬೇಕು."

ಆಕೆಯ ಗಂಡ ಶ್ರೇಯಸನ ಹೆಣ ರವಿವಾರ ಮಧ್ಯಾಹ್ನ, ಇಲ್ಲಿಂದ ಒಂದು ತಾಸಿನ ದಾರಿಯ ಗುಂಜಿಯಾಚೆಯ ಹಳ್ಳದಲ್ಲಿ ಸಿಕ್ಕಿತ್ತು, ತಲೆಯ ಹಿಂದೆ ಕಲ್ಲಿನೇಟು. ಅವನನ್ನು ಅಲ್ಲಿಗೆ ಕರೆದೊಯ್ದ ಟಂಟಂ ಆಟೋದ ಚಾಲಕ ಕರೆಪ್ಪ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ.

ಇಂದು ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಜೈಲು. ಕೊಲೆಯ ಕೇಸಿನಲ್ಲಿ ಒಳಗೆ ಹೋದ ಬಡವ ಹೊರಗೆ ಬರುವುದು ಯಾವಾಗ ಎಂಬುದನ್ನು ಪ್ರಮಿಳಾ ಬಲ್ಲಳು. ಕರೆಪ್ಪನ ಅಂಗಿಯ ಮೇಲೆ ರಕ್ತವಿತ್ತು, ಅವನ ಟಂಟಂನ ಸೀಟಿನ ಮೇಲೆ ರಕ್ತವಿತ್ತು. ಹೆಣವನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ತಂದು ಖಾನಾಪುರದ ಆಸ್ಪತ್ರೆಗೆ ಮುಟ್ಟಿಸಿದವನೂ ಅವನೇ. ನಿನ್ನೆ ಕೈಗೆ ಬೇಡಿ ಬಿದ್ದಾಗ ಅವನು ಅಳಲಿಲ್ಲ. ಒಂದೇ ಮಾತು ಕೇಳಿದ್ದ:

"ಹಂಗ ಬಿಟ್ಟು ಬಂದಿದ್ರ ಚಲೋ ಇತ್ತೇನ್ರಿ ಬಾಯಾರ?"

ಆ ಮಾತು ಆಕೆಯನ್ನು ಮಲಗಗೊಟ್ಟಿರಲಿಲ್ಲ. ಕಣ್ಣು ಉರಿಯುತ್ತಿದ್ದವು. ಎರಡು ದಿನದಿಂದ ಖಾನಾಪುರ, ಬೆಳಗಾವಿ, ಗುಂಜಿ ಎಂದು ಸುತ್ತಿ ಸೊಂಟ ಹಿಡಿದುಕೊಂಡಿತ್ತು. ಈ ಮನೆಗೆ ಬಂದದ್ದೂ ಹೊಸದೇನೋ ಸಿಗುತ್ತದೆಂಬ ಆಸೆಯಿಂದಲ್ಲ. ಬೇರೆಲ್ಲಿಗೆ ಹೋಗಬೇಕೆಂದು ತೋಚದೆ ಬಂದಿದ್ದಳು.

"ಕೈ ಸೋತಿರಬೇಕು, ಇತ್ತ ತರ್ರಿ," ಎಂದು ತಂಬಿಗೆ ಇಸಿದುಕೊಂಡು ತಾನೂ ನೀರು ಸುರಿಯತೊಡಗಿದಳು.

ಆಗ ಆಕೆ ಮೀನುಗಳನ್ನು ಮೊದಲ ಸಲ ಸರಿಯಾಗಿ ನೋಡಿದಳು.

ಬೆರಳುದ್ದದ ಮೀನು. ಹೊಟ್ಟೆ ಚಪ್ಪಟೆ, ಇಸ್ತ್ರಿ ಮಾಡಿದ ಹಾಗೆ. ಎರಡೂ ಪಕ್ಕದ ರೆಕ್ಕೆಗಳು ಬೀಸಣಿಗೆಯಂತೆ ಬಿಚ್ಚಿ ಕಲ್ಲಿಗೆ ಅಂಟಿಕೊಂಡಿದ್ದವು. ಮೈಮೇಲೆ ಒಣಗಿದ ಎಲೆಯ ನರಗಳಂಥ ಗೆರೆಗಳು. ಶ್ರೇಯಸನ ಫೋನಿನಲ್ಲಿ ಇವಕ್ಕೆ ಹಿಲ್‌ಸ್ಟ್ರೀಮ್ ಲೋಚ್ ಎಂದು ಹೆಸರಿತ್ತು. ಕಲ್ಲಿನ ಮೇಲಿನ ಪಾಚಿಯನ್ನು ನೆಕ್ಕಿ ಬದುಕುವ ಜೀವ.

ನೀರು ನಿಂತಿದ್ದರಿಂದ ಅವು ದಿಕ್ಕುಗೆಟ್ಟಿದ್ದವು. ಒಂದು ಕಿಟಕಿಯ ಕಡೆ, ಒಂದು ಗೋಡೆಯ ಕಡೆ, ಇನ್ನೊಂದು ಗಾಜಿಗೆ ಹೊಟ್ಟೆ ಹಚ್ಚಿ ಮೇಲ್ಮುಖವಾಗಿ. ಸಂತೆ ಮುಗಿದ ಮೇಲೆ ಬಸ್ಸು ತಪ್ಪಿದವರ ಹಾಗೆ.

"ಏನ ಹಾಕ್ತೀರಿ ಇವಕ್ಕ?"

"ಪಾಚಿರಿ. ಗಚ್ಚಿ ಮ್ಯಾಲ ಬುಟ್ಟ್ಯಾಗ ನೀರು ಹಾಕಿ ಕಲ್ಲು ಬಿಸಲಿಗಿಡೂದು. ಹಸರಾದ ಮ್ಯಾಲ ಇಲ್ಲಿ ಇಡೂದು, ಇಲ್ಲಿ ಬೋಳಾದ ಕಲ್ಲು ಮ್ಯಾಲ ಒಯ್ಯೂದು. ನಡುನಡುವ ಕುದಿಸಿದ ಪಾಲಕ. ಬ್ಯಾರೆ ಮಂದಿ ಹುಳ ಹಾಕ್ತಾರ. ನಮ್ಮನ್ಯಾಗ ಹುಳ ಬರಂಗಿಲ್ಲ."

"ಮೀನು ಸುದ್ದಾ ಜೈನರ ಆಗ್ಯಾವ ಅನ್ರಿ," ಎಂದ ಒಳಗೆ ಬರುತ್ತಿದ್ದ ಹವಾಲ್ದಾರ ಬೀರೇಶ. ಹೇಳಿದ ಮೇಲೆ ಇದು ಸಾವಾದ ಮನೆ ಎಂಬುದು ನೆನಪಾಗಿ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ.

ಸ್ನೇಹಲಳ ತುಟಿಯಂಚು ಸ್ವಲ್ಪ ಸಡಿಲಾಯಿತು. "ಅವರೂ ಹಂಗ ಅಂತಿದ್ರು," ಎಂದಳು.

ಬೀರೇಶ ಪ್ರಮಿಳಾಳ ಹತ್ತಿರ ಬಂದು ದನಿ ತಗ್ಗಿಸಿದ. "ಮೇಡಮ್, ಟವರ್ ರಿಪೋರ್ಟ್ ಬಂತ್ರಿ. ವಿಪುಲನ ಫೋನು ರವಿವಾರ ಮುಂಜಾನಿಂದ ಸಂಜೀತನಕ ಅನಗೋಳ ಬಿಟ್ಟು ಅಲಗಾಡಿಲ್ಲ."

"ಫೋನು ಅಲಗಾಡಿಲ್ಲ."

"ಅದನ್ನ ಅಂದೆನ್ರಿ."

"ಮನುಷ್ಯಾನ ಬಗ್ಗೆ ಏನ ಬಂದೈತಿ?"

ಬೀರೇಶ ಹಣೆ ತುರಿಸಿಕೊಂಡ. "ಅದಕ್ಕ ಟವರ್ ಇಲ್ಲಲ್ರಿ ಮೇಡಮ್."

ವಿಪುಲ ಶ್ರೇಯಸನ ಚಿಕ್ಕಪ್ಪನ ಮಗ. ಶಹಾಪುರದಲ್ಲಿ ಮೀನಿನ ತೊಟ್ಟಿಗಳ ಅಂಗಡಿ ಇಟ್ಟಿದ್ದ. ಹೆತ್ತ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು ಶ್ರೇಯಸನ ತಾಯಿ ಸುಂದರಾಬಾಯಿ. ಪ್ರಮಿಳಾಳ ಅನುಮಾನ ಮೊದಲಿನಿಂದಲೂ ಅವನ ಮೇಲೆ. ಸಾಯುವ ಸ್ವಲ್ಪ ಮೊದಲು ಶ್ರೇಯಸ ಹಳ್ಳದಿಂದ ಹೆಂಡತಿಗೆ ಒಂದು ಸಾಲು ಕಳಿಸಿದ್ದ: 'ಇಲ್ಲಿ ಕಲ್ಲೆಲ್ಲ ಬಿಳಿ ಆಗ್ಯಾವ.' ಯಾರೋ ಹಳ್ಳಕ್ಕೆ ಬ್ಲೀಚಿಂಗ್ ಪೌಡರ್ ಸುರಿದು, ತೇಲಿ ಬಂದ ಮೀನು ಬಾಚಿಕೊಂಡಿದ್ದರು. ಸತ್ತದ್ದು ಅಲ್ಲೇ ಬಿಟ್ಟು, ಉಸಿರಿದ್ದದ್ದು ಒಯ್ದಿದ್ದರು. ಹಳ್ಳದ ಮೀನನ್ನು ಹೀಗೆ ಹಿಡಿದು ಹೊರರಾಜ್ಯದ ಅಂಗಡಿಗಳಿಗೆ ಕಳಿಸುವವನು ವಿಪುಲನೇ ಎಂದು ಶ್ರೇಯಸನಿಗೆ ಬಹಳ ದಿನಗಳಿಂದ ಸಂಶಯವಿತ್ತು. ಅರಣ್ಯ ಇಲಾಖೆಗೆ ದೂರು ಕೊಡುತ್ತೇನೆಂದು ಮನೆಯಲ್ಲಿ ಹೇಳಿಯೂ ಇದ್ದ.

ಆದರೆ ವಿಪುಲನಿಗೆ ಎರಡು ಗಟ್ಟಿ ಆಸರೆಗಳಿದ್ದವು.

ಒಂದು, ವಿಡಿಯೊ. ರವಿವಾರ ಹನ್ನೆರಡರ ಹೊತ್ತಿಗೆ ಅವನ ಫೋನಿನಿಂದ ಶ್ರೇಯಸನ ಫೋನಿಗೆ ಈ ತೊಟ್ಟಿಯ ವಿಡಿಯೊ ಹೋಗಿತ್ತು. ಆಗ ತಾನೇ ತೆಗೆದು ಕಳಿಸಿದೆ ಎಂದು ವಿಪುಲ ಹೇಳಿಕೆ ಕೊಟ್ಟಿದ್ದ. ಡಾಕ್ಟರರ ಲೆಕ್ಕದಲ್ಲಿ ಶ್ರೇಯಸ ಸತ್ತದ್ದೂ ಅದೇ ಹೊತ್ತಿಗೆ.

ಇನ್ನೊಂದು, ಸತ್ತವನ ತಂದೆ ನೇಮಣ್ಣ. ಆ ಹೊತ್ತಿಗೆ ವಿಪುಲ ಈ ಮನೆಯಲ್ಲೇ ಇದ್ದ ಎಂದು ಆತನೇ ಹೇಳಿದ್ದ. ಮಗನನ್ನು ಕಳೆದುಕೊಂಡ ತಂದೆ, ಕೊಂದವನ ಪರ ಸಾಕ್ಷಿ ಹೇಳುತ್ತಾನೆಯೇ? ಮೇಲಿನ ಸಾಹೇಬರು ಕೇಳಿದ್ದೂ ಇದನ್ನೇ.

ಕರೆಂಟು ಬಂತು.

ಪಂಪುಗಳು ಒಮ್ಮೆ ಗುರುಗುಟ್ಟಿ ಹಿಡಿದುಕೊಂಡವು. ತೊಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೀರು ನುಗ್ಗಿತು. ಕಲ್ಲುಗಳ ಮೇಲಿನ ಪಾಚಿಯ ಎಳೆಗಳು ಒಂದೇ ಕಡೆ ವಾಲಿದವು. ಪ್ರಮಿಳಾ ತಂಬಿಗೆ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದಳು.

ಮೊದಲು ದೊಡ್ಡ ಮೀನೊಂದು ತಿರುಗಿತು. ಅದರ ಬೆನ್ನಿಗೆ ಇನ್ನೆರಡು. ಗಾಜಿಗೆ ಅಂಟಿದ್ದದ್ದು ಜಾರಿ ಕಲ್ಲಿಗೆ ಬಂದು ಕೂತು, ಬಾಲ ತೂಗಿ ಮುಖ ಸರಿಮಾಡಿಕೊಂಡಿತು. ನೋಡನೋಡುತ್ತ ಎಲ್ಲವೂ ಒಂದೇ ದಿಕ್ಕಿಗೆ ತಿರುಗಿ, ನೀರಿಗೆ ಎದೆಗೊಟ್ಟು ನಿಂತವು. ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ.

ಎಲ್ಲದರ ಮುಖ ಗೋಡೆಯ ಕಡೆಗಿತ್ತು.

ಪ್ರಮಿಳಾ ಒರೆಸಿಕೊಳ್ಳುತ್ತಿದ್ದ ಕೈ ನಿಲ್ಲಿಸಿದಳು. ಜೇಬಿನಿಂದ ಫೋನು ತೆಗೆದು ವಿಪುಲನ ವಿಡಿಯೊ ಹಚ್ಚಿದಳು. ರಾತ್ರಿಯೆಲ್ಲ ನೋಡಿದ್ದ ವಿಡಿಯೊ. ದನಿಗಾಗಿ, ನೆರಳಿಗಾಗಿ, ಗಾಜಿನಲ್ಲಿ ಮೂಡಿದ ಬಿಂಬಕ್ಕಾಗಿ ನೋಡಿದ್ದಳು. ಮೀನಿಗಾಗಿ ಒಮ್ಮೆಯೂ ನೋಡಿರಲಿಲ್ಲ.

ಕಲ್ಲುಗಳು ಹತ್ತಿರದಿಂದ ಕಂಡವು. ಪಂಪು ಕಾಣುತ್ತಿರಲಿಲ್ಲ. ಮೀನುಗಳ ಮುಖದ ಎದುರಿಗೆ ಬಿಸಿಲು, ಬಿಸಿಲಿನಲ್ಲಿ ಕಿಟಕಿಯ ಸರಳುಗಳ ನೆರಳು.

ವಿಡಿಯೊದಲ್ಲಿ ಎಲ್ಲ ಮೀನುಗಳೂ ಕಿಟಕಿಗೆ ಮುಖ ಮಾಡಿದ್ದವು.

"ಸ್ನೇಹಲಾ, ಇವು ಯಾವಾಗಲೂ ಗೋಡಿ ಕಡೆನ ಮುಖ ಮಾಡ್ತಾವೇನ್ರಿ?"

"ಪಂಪು ಎಲ್ಲಿ ಇರತೈತಿ ಅಲ್ಲಿಗೆ ಮುಖ ಮಾಡ್ತಾವ್ರಿ. ನೀರು ಬರೂ ಕಡೆ."

"ಪಂಪು ಯಾವಾಗಲೂ ಗೋಡಿ ಕಡೆನ ಇತ್ತೇನು?"

"ಇಲ್ರಿ. ಮೊದಲಿಂದ ಕಿಡಕಿ ಕಡೆ. ಶನಿವಾರ ಸಂಜಿಕ ಈ ತುದಿಗೆ ತಂದಿಟ್ರು." ಸ್ನೇಹಲ ತೊಟ್ಟಿಯ ಇನ್ನೊಂದು ತುದಿಗೆ ಹೋಗಿ ಬಾಗಿದಳು. "ಇಲ್ಲಿ ನೋಡ್ರಿ. ಈ ಚಪ್ಪಟಿ ಕಲ್ಲಿನ ಕೆಳಗ ಗಂಡು ಬಾಲದಿಂದ ಉಸುಕು ಬಡದು ಕುಣಿ ಮಾಡೇತಿ. ತತ್ತಿ ಅಲ್ಲೇ ಇಟ್ಟಿದ್ವು. ಶನಿವಾರ ಮರಿ ಹೊರಗ ಬಂದ್ವು."

ಪ್ರಮಿಳಾ ಕಣ್ಣು ಕಿರಿದು ಮಾಡಿ ನೋಡಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಗಾಜಿನ ಮೇಲೆ ಜೀರಿಗೆ ಕಾಳಿನಷ್ಟು ಒಂದು ಚುಕ್ಕೆ ಅಲುಗಿತು. ಅದರ ಪಕ್ಕ ಇನ್ನೊಂದು.

"ಆರು ವರ್ಷ ಸಾಕ್ಯಾರ್ರಿ ಇವನ್ನ. ಬ್ಯಾಸಗಿ ಬಂದ್ರ ನೀರಿನ ಮ್ಯಾಲ ಫ್ಯಾನು ಹಚ್ಚತಿದ್ರು, ನಾವು ಶೆಕಿಯೊಳಗ ಮಲಗತಿದ್ವಿ. ಇಷ್ಟ ದಿವಸದಾಗ ಮರಿ ಉಳದದ್ದ ಇಲ್ಲ. ಪಂಪು ಅಲ್ಲೇ ಇದ್ರ ಎಳಕೊಂಡ ಬಿಡತೈತಿ ಅಂತ ಎರಡೂ ಪಂಪು ಈ ಕಡೆ ತಂದ್ರು. ನಾ ಕಲ್ಲು ಹಿಡದಿದ್ದೆ. ಕೈ ಥಂಡಾಗಿ ಮರಗಟ್ಟಿದ್ವು. ಇನ್ನೊಂದ ಸ್ವಲ್ಪ ತಡೀ, ಇನ್ನೊಂದ ಸ್ವಲ್ಪ ತಡೀ ಅಂತಿದ್ರು."

ಸ್ನೇಹಲ ಅಂಗೈಯಿಂದ ಗಾಜು ಒರೆಸಿದಳು. ಪ್ರಮಿಳಾ ಕೇಳಿದಳು.

"ಇದು ಯಾರ್‍ಯಾರಿಗೆ ಗೊತ್ತಿತ್ತು?"

"ಅವರಿಗೆ, ನನಗ. ವಿಪುಲಗ ಹೇಳಬ್ಯಾಡ ಅಂದಿದ್ರು. ಮರಿ ಆಗ್ಯಾವ ಅಂದ್ರ ನಾಳೆನ ಗಿರಾಕಿ ಕರಕೊಂಡು ಬರ್ತಾನ ಅಂತ."

"ರವಿವಾರ ಮುಂಜಾನೆ ಇವು ಗೋಡಿ ಕಡೆನ ನೋಡತಿದ್ದುವಲ್ಲ?"

"ಹೌದ್ರಿ. ನಾ ನೋಡಿ, ಆಮ್ಯಾಲ ದೇಸೂರಿಗೆ ತವರಮನಿಗೆ ಹೋದೆ. ಅತ್ತಿ ಬಸದಿಗೆ ಹೋದ್ರು. ಮನ್ಯಾಗ ಮಾವ ಒಬ್ಬರ ಇದ್ರು." ಸ್ನೇಹಲ ಪ್ರಮಿಳಾಳ ಫೋನಿನತ್ತ ನೋಡಿದಳು. ಆಕೆಗೂ ಆಗಲೇ ಕಂಡಿತು. ಬಲಗೈ ತಾನಾಗಿಯೇ ತೊಟ್ಟಿಯ ಅಂಚನ್ನು ಹಿಡಿಯಿತು. "ಇದು ರವಿವಾರದ್ದಲ್ಲ."

"ಅಲ್ಲ."

"ಹಳೇದು ಕಳಿಸ್ಯಾನ."

"ಅವನ ಫೋನು ಕಳಿಸೇತಿ," ಎಂದಳು ಪ್ರಮಿಳಾ.

ಪಕ್ಕದ ಅಡುಗೆಮನೆಯಲ್ಲಿ ನೀರು ಸೋಸುವ ಸದ್ದು ನಿಂತಿತು. ಸುಂದರಾಬಾಯಿ ಅಲ್ಲಿದ್ದಳು. ಬಿಳಿ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ, ನಲ್ಲಿಯ ನೀರನ್ನು ಚೊಂಬು ಚೊಂಬಾಗಿ ಸೋಸುವುದು ಆಕೆಯ ದಿನದ ಕೆಲಸ. ಮಗ ಹೋದ ದಿನದಿಂದ ಆಕೆ ಯಾರ ಹತ್ತಿರವೂ ಮಾತಾಡಿರಲಿಲ್ಲ. ನೀರು ಸೋಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಕೇಳಿಸಿತು.

"ಬೀರೇಶಾ, ಓಣ್ಯಾಗ ಇಬ್ಬರು ಪಂಚರನ್ನ ಕರಕೊಂಡು ಬಾ. ಪಂಚನಾಮೆ ಮಾಡೂಣು. ಫೋಟೋದವನೂ ಬರಲಿ."

"ಮೀನಿಂದೇನ್ರಿ ಮೇಡಮ್?"

"ಮೀನಿಂದ."

"ಮೀನಿನ ಸಾಕ್ಷಿ ಕೋರ್ಟಿನ್ಯಾಗ ನಡೀತೈತೇನ್ರಿ?"

"ಮನುಷ್ಯಾರದ್ದು ನಡ್ಯಾಕತ್ತೇತಲ್ಲ. ನಡಿ."

ಫೋನಿನಲ್ಲಿ ತಾನೇ ಒಂದು ಫೋಟೋ ತೆಗೆದುಕೊಳ್ಳಬಹುದಿತ್ತು. ತೆಗೆಯಲಿಲ್ಲ. ಪಂಚರ ಮುಂದೆ ತೆಗೆಯದ ಫೋಟೋವನ್ನು ಎದುರು ವಕೀಲ ಹರಿದು ಹಾಕಿದ್ದನ್ನು ಒಂದು ಹಳೆಯ ಕೇಸಿನಲ್ಲಿ ಕಂಡಿದ್ದಳು. ಅಂದಿನಿಂದ ಮೊದಲು ಪಂಚರು, ಆಮೇಲೆ ಫೋಟೋ. ದಣಿದ ಮನುಷ್ಯರಿಗೆ ರೂಢಿಯೇ ಊರುಗೋಲು.

ಸ್ನೇಹಲ ಬೋಳಾದ ಎರಡು ಕಲ್ಲುಗಳನ್ನು ತೆಗೆದುಕೊಂಡು ಹಸಿರು ಕಲ್ಲು ತರಲು ಮಹಡಿಯ ಮೇಲಿನ ಗಚ್ಚಿಗೆ ಹೋದಳು. ಪ್ರಮಿಳಾ ಹೊರಗಿನ ಪಡಸಾಲೆಗೆ ಬಂದಳು.

ನೇಮಣ್ಣ ಗೋಡೆಗೆ ಒರಗಿ ಕೂತಿದ್ದ. ರವಿವಾರ ಪೇಟೆ ಎಂಬ ಮಾರುಕಟ್ಟೆ ಬೀದಿಯಲ್ಲಿ ಬೆಲ್ಲ, ಬೇಳೆಯ ಸಗಟು ಅಂಗಡಿ ನಡೆಸಿ ವಯಸ್ಸಾದ ಮೇಲೆ ಬಿಟ್ಟವನು. ಬಿಳಿ ಧೋತರ, ಬಿಳಿ ಅಂಗಿ. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಹಿತ್ತಾಳೆಯ ತಂಬಿಗೆ. ಅವನ ಬೆನ್ನ ಹಿಂದಿನ ಗೋಡೆಯ ಆಚೆಗೇ ಮೀನಿನ ಖೋಲಿ.

"ಬರ್ರಿ ಬಾಯಾರ. ಕುಂದರ್ರಿ."

"ಒಂದ ಮಾತು ಕೇಳೂದೈತ್ರಿ ಯಜಮಾನ್ರ."

"ಕೇಳ್ರಿ. ನನ್ನ ಕಡೆ ಈಗ ಉಳದದ್ದು ಮಾತ."

"ರವಿವಾರ ಹನ್ನೆರಡರ ಸುಮಾರಿಗೆ ವಿಪುಲ ಮೀನಿನ ಖೋಲ್ಯಾಗ ಇದ್ದ ಅಂತ ಹೇಳೀರಿ."

"ಹೇಳೀನಿ."

"ಇವತ್ತೂ ಅದನ್ನ ಹೇಳ್ತೀರೇನ್ರಿ?"

ನೇಮಣ್ಣ ತಲೆಯೆತ್ತಿದ. "ಮುಂಜಾನೆ ಒಂದು ಸಂಜೀಕ ಒಂದು ಹೇಳೂ ಮನಷ್ಯಾ ಅಲ್ಲ ನಾ. ಇಷ್ಟ ವರ್ಷ ತಕ್ಕಡಿ ಹಿಡದೀನಿ. ನನ್ನ ಮಾತು ತೂಕ ತಪ್ಪೇತಿ ಅಂತ ಪೇಟ್ಯಾಗ ಯಾರೂ ಅನ್ನಂಗಿಲ್ಲ."

"ಅದಕ್ಕ ಕೇಳಾಕತ್ತೀನಿ. ನಿಮ್ಮ ಮಾತಿನ ಮ್ಯಾಲ ಒಬ್ಬಾಂವ ಹೊರಗ ಅದಾನ, ಒಬ್ಬಾಂವ ಒಳಗ ಅದಾನ."

ಅವನು ತಂಬಿಗೆಯ ಮೇಲಿನ ಬಟ್ಟೆಯನ್ನು ಸರಿಮಾಡಿದ.

"ನೀವು ಆ ಖೋಲಿಗೆ ಹೋಗೂದ ಇಲ್ಲಂತ, ಖರೇ ಏನ್ರಿ?"

"ಖರೇ. ಅದು ಮನಿಗೆ ಬಂದ ದಿವಸದಿಂದ ಹೋಗಿಲ್ಲ. ಜೀವ ಹಿಡದು ಕಟ್ಟಿ ಇಡೂದು ನಮ್ಮ ವ್ರತಕ್ಕ ದೋಷ. ಮಗಗ ಒಮ್ಮೆ ಹೇಳಿದೆ. ಅಪ್ಪಾ, ಇವು ಹಳ್ಳದಾಗ ಸಾಯಾಕತ್ತಾವ, ನಾ ಉಳಸಾಕತ್ತೀನಿ ಅಂದ. ಅವನ ಲೆಕ್ಕ ಅವ ಮಾಡಿಕೊಂಡ. ನಾ ಬಾಯಿ ಹಾಕಲಿಲ್ಲ, ಕಣ್ಣೂ ಹಾಕಲಿಲ್ಲ. ಬಚ್ಚಲಕ್ಕ ಹೋಗಬೇಕಂದ್ರೂ ಹಿತ್ತಲಾಗ ಸುತ್ತಿ ಹೋಗ್ತೀನಿ."

"ಹಂಗಾರ ರವಿವಾರ ವಿಪುಲನ್ನ ಅಲ್ಲಿ ಹೆಂಗ ನೋಡಿದ್ರಿ?"

"ನೋಡೀನಿ ಅಂತ ಯಾರು ಹೇಳಿದ್ರು?"

"ನೀವ, ನನ್ನ ಮುಂದ."

"ಇದ್ದ ಅಂತ ಹೇಳೀನಿ. ನೋಡೀನಿ ಅಂತ ಹೇಳಿಲ್ಲ. ಅವನ ದನಿ ಕೇಳೇನಿ."

ಹೇಳಿಕೆ ಬರೆದುಕೊಂಡವಳು ಪ್ರಮಿಳಾಳೇ. ಇದ್ದ ಎಂದದ್ದನ್ನು ಬರೆದು, ಹೇಗೆ ಗೊತ್ತು ಎಂದು ಕೇಳುವುದನ್ನು ಬಿಟ್ಟಿದ್ದಳು. ಮಗನ ಹೆಣ ಇನ್ನೂ ಮನೆಗೆ ಬಂದಿರದ ಹೊತ್ತು. ಮುದುಕನನ್ನು ಹೆಚ್ಚು ಮಾತಾಡಿಸಬಾರದೆಂದು ಬೇಗ ಎದ್ದು ಬಂದಿದ್ದಳು.

ಫೋನನ್ನು ಅವನ ಕಣ್ಣಿಗೆ ಬೀಳದಂತೆ ಬೋರಲಾಗಿ ಹಿಡಿದು ವಿಡಿಯೊ ಹಚ್ಚಿದಳು. ನೀರಿನ ಸದ್ದಿನ ಮೇಲೆ ವಿಪುಲನ ದನಿ ಬಂತು.

'ಶ್ರೇಯಾ, ನೋಡಪಾ, ನಿನ್ನ ಮಕ್ಕಳು ಆರಾಮ ಅದಾರ. ಕಲ್ಲು ಬದಲಿ ಮಾಡೀನಿ. ಏನೂ ಕಾಳಜಿ ಮಾಡಬ್ಯಾಡ.'

"ಇದ," ಎಂದ ನೇಮಣ್ಣ. "ಇದನ್ನ ಅಂದ."

"ಮತ್ತೇನರ ಅಂದನೇನ್ರಿ?"

"ಇಷ್ಟ."

"ಹೊರಗ ಬಂದು ದೊಡ್ಡಪ್ಪಾ, ಹೋಗಿ ಬರ್ತೀನಿ ಅಂದ?"

"ಇಲ್ಲ. ನಾ ಸಾಮಾಯಿಕದ ಧ್ಯಾನಕ್ಕ ಕುಂತಿದ್ದೆ. ಮಧ್ಯಾಹ್ನ ಆ ಹೊತ್ನ್ಯಾಗ ಕಣ್ಣು ಮುಚ್ಚಿ ಕುಂತ ಮ್ಯಾಲ ನನ್ನ ಯಾರೂ ಮಾತಾಡಸಂಗಿಲ್ಲ. ಮನಿ ಮಂದಿಗೆ ಎಲ್ಲಾರಿಗೂ ಗೊತ್ತು."

"ವಿಪುಲಗೂ ಗೊತ್ತು."

"ಈ ಮನ್ಯಾಗ ಬೆಳದಾಂವ. ಗೊತ್ತಿರಲಾರದ ಏನು?"

ಹೇಳಿದ ಮೇಲೆ ಮುದುಕನ ಮುಖದಲ್ಲಿ ಏನೋ ನಿಂತುಹೋಯಿತು. ಪ್ರಮಿಳಾ ಕಾದಳು. ಅವಸರ ಮಾಡುವ ಶಕ್ತಿಯೂ ಆಕೆಗಿರಲಿಲ್ಲ.

"ಇನ್ನೊಮ್ಮೆ ಹಚ್ಚರಿ ಅದನ್ನ," ಎಂದ ನೇಮಣ್ಣ.

ಹಚ್ಚಿದಳು. ಅದೇ ನೀರು, ಅದೇ ದನಿ, ಅದೇ ಕಡೆಗೆ ಉಸಿರೆಳೆದು ಅದೇ 'ಕಾಳಜಿ ಮಾಡಬ್ಯಾಡ'. ನೇಮಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ರವಿವಾರವೂ ಹಾಗೆಯೇ ಕೇಳಿದ್ದನಲ್ಲ.

"ಫೋನು ಅಂದದ್ದಕ್ಕ ನಾ ವಿಪುಲ ಅಂದೆ," ಎಂದ ಕೊನೆಗೆ. ದನಿ ಏರಲಿಲ್ಲ. "ಬಾಗಿಲು ದೂಡಿದ್ರ ಗೊತ್ತಾಗತಿತ್ತು. ದೂಡಂಗಿಲ್ಲ ಅಂತ ಅವಗ ಗೊತ್ತಿತ್ತು."

"ಫೋನು ತಾನ ಹಚಗೊಳ್ಳೂದಿಲ್ರಿ ಯಜಮಾನ್ರ. ಖೋಲ್ಯಾಗ ಯಾರೋ ಇದ್ರು. ಮತ್ತೇನ ಕೇಳಿತು? ಹೆಜ್ಜಿ ಸಪ್ಪಳ? ಬಾಗಲಾ?"

"ನೆನಪಿಲ್ಲ."

"ಕಣ್ಣು ತಗದಾಗ ಏನಿತ್ತು?"

"ಏನಿರತದ. ಯಾರೂ ಇದ್ದಿಲ್ಲ. ತಂಬಿಗಿ ತುಂಬಿತ್ತು, ನೀರು ಕುಡದೆ."

ಪ್ರಮಿಳಾ ಅವನ ಪಕ್ಕದ ಹಿತ್ತಾಳೆಯ ತಂಬಿಗೆಯನ್ನು ನೋಡಿದಳು.

"ಕಣ್ಣು ಮುಚ್ಚೂ ಮೊದಲೂ ತುಂಬಿತ್ತೇನ್ರಿ?"

"ಇಲ್ಲ. ಕುಂದರೂ ಮೊದಲ ಕುಡದು ಮುಗಿಸಿದ್ದೆ."

"ವಿಪುಲ ಬಂದು ತುಂಬಿಟ್ಟಿರಬಹುದಲ್ರಿ?"

"ಅವಗ ನೀರು ಸೋಸೂ ಅರಬಿ ಎಲ್ಲಿರತದ ಅನ್ನೂದ ಗೊತ್ತಿಲ್ಲ. ಸೋಸಿದ್ದಲ್ಲದ್ದು ನನ್ನ ತಂಬಿಗ್ಯಾಗ ಯಾರೂ ಹಾಕಂಗಿಲ್ಲ."

"ಸ್ನೇಹಲ ದೇಸೂರಾಗ ಇದ್ಳು."

"ಹೌದು."

"ಹಂಗಾರ ಆ ತಂಬಿಗಿ ಯಾರು ತುಂಬಿದ್ರು?"

ಓಣಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹಿಡಿಯುತ್ತಿರಲಿಲ್ಲ. ನೇಮಣ್ಣ ಆ ಸದ್ದು ಮುಗಿಯಲೆಂದು ಕಾದವನಂತೆ ಕೂತಿದ್ದ.

"ಲಗ್ನಾಗಿ ಇಷ್ಟ ವರ್ಷ ಆತು," ಎಂದ. "ನನ್ನ ತಂಬಿಗಿ ಯಾವತ್ತೂ ತುಂಬಿರತದ. ಯಾರು ತುಂಬಿದ್ರು ಅಂತ ಕೇಳೂ ರೂಢಿ ನನಗ ಇಲ್ಲ ಬಾಯಾರ."

ಪ್ರಮಿಳಾ ಎದ್ದಳು. ಮಂಡಿ ಚಟಕ್ಕೆಂದಿತು. ಗೇಟಿನ ಹತ್ತಿರ ಬೀರೇಶ ಇಬ್ಬರು ಪಂಚರನ್ನು ಕರೆದುಕೊಂಡು ಬರುತ್ತಿದ್ದ. ಒಬ್ಬ ಗಿರಣಿಯವನು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. ಇನ್ನೊಬ್ಬ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಗಜಾನನ, ಓಣಿಯ ಸ್ಟುಡಿಯೊದವನು.

"ಮೇಡಮ್, ಫೋಟೋದವನ್ನ ಪಂಚನ್ನೂ ಮಾಡಿಕೊಂಡ ಬಂದೀನ್ರಿ. ಒಂದ ಚಾ ಉಳೀತು," ಎಂದ ಬೀರೇಶ.

"ಫೋಟೋ ತಗಿಯಾಂವ ಪಂಚ ಆಗಂಗಿಲ್ಲ ಬೀರೇಶಾ. ಇನ್ನೊಬ್ಬನ್ನ ಹುಡಕು."

ಆಕೆ ಮುಂದಾಗಿ ಮೀನಿನ ಖೋಲಿಯ ಬಾಗಿಲು ದೂಡಿದಳು.

ನೀರು ಹರಿಯುತ್ತಿತ್ತು. ಪಾಚಿಯ ಎಳೆಗಳು ವಾಲಿದ್ದವು. ಬೆರಳುದ್ದದ ಮೀನುಗಳೆಲ್ಲ ಕಲ್ಲಿಗೆ ಅಂಟಿ, ಒಂದೇ ದಿಕ್ಕಿಗೆ ತಿರುಗಿ, ನೀರಿಗೆ ಎದೆಗೊಟ್ಟು ನಿಂತಿದ್ದವು.

ಎಲ್ಲದರ ಮುಖ ಕಿಟಕಿಯ ಕಡೆಗಿತ್ತು.

ಗೋಡೆಯ ತುದಿಯಲ್ಲಿ ಪಂಪುಗಳಿರಲಿಲ್ಲ. ಎರಡೂ ಹಳೆಯ ಜಾಗಕ್ಕೆ ಹೋಗಿದ್ದವು. ಪಂಚರು ಈಗ ನೋಡಿದರೆ ಕಾಣುವುದು ವಿಪುಲನ ವಿಡಿಯೊದಲ್ಲಿ ಇದ್ದದ್ದೇ, ಒಂದು ಮೀನೂ ಹೆಚ್ಚು ಕಡಿಮೆ ಇಲ್ಲದೆ.

ಹಿಂದೆ ಮೆಟ್ಟಿಲಲ್ಲಿ ಸಪ್ಪಳವಾಯಿತು. ಸ್ನೇಹಲ ಹಸಿರು ಕಲ್ಲುಗಳ ಬುಟ್ಟಿ ಹಿಡಿದು ಬಂದಳು. ತೊಟ್ಟಿ ನೋಡಿದಳು. ಬುಟ್ಟಿಯನ್ನು ನೆಲಕ್ಕಿಡುವಷ್ಟು ತಾಳ್ಮೆ ಇಟ್ಟುಕೊಂಡು, ಇಟ್ಟ ಮೇಲೆ ಓಡಿ ಹೋಗಿ ಪ್ಲಗ್ ಕಿತ್ತಳು.

"ಮರಿ," ಎಂದಳು. "ಮರಿ ಆ ಕಡೆ ಅದಾವ."

ನೀರು ನಿಂತಿತು. ಮೀನುಗಳು ಒಂದೊಂದಾಗಿ ದಿಕ್ಕು ತಪ್ಪಿದವು. ಈಗ ಕಿಟಕಿಯೂ ಇಲ್ಲ, ಗೋಡೆಯೂ ಇಲ್ಲ. ಸ್ನೇಹಲ ಪಂಪಿನ ಬಾಯಿಗೆ ಕಟ್ಟಿದ ಸ್ಪಂಜನ್ನು ಬಿಚ್ಚಿ ಅಂಗೈಯಲ್ಲಿ ಹರಡಿ ಹುಡುಕುತ್ತಿದ್ದಳು.

ಪ್ರಮಿಳಾ ಅಡುಗೆಮನೆಗೆ ಹೋದಳು.

ಸುಂದರಾಬಾಯಿ ಕೊಡದ ಮುಂದೆ ಕೂತು ನೀರು ಸೋಸುತ್ತಿದ್ದಳು. ನೀರಿನ ಕೆಲಸ ಮಾಡುವವರ ಕೈ ಒದ್ದೆಯಾಗಿರುವುದರಲ್ಲಿ ಏನೂ ಇಲ್ಲ. ಆದರೆ ಆಕೆಯ ಬಲಗೈ ಕುಪ್ಪಸದ ತೋಳಿನವರೆಗೂ ತೊಯ್ದಿತ್ತು. ಬಳೆಗಳ ನಡುವೆ ಪಾಚಿಯ ಒಂದು ಎಳೆ ಸಿಕ್ಕಿಕೊಂಡಿತ್ತು.

"ಅವ್ವಾರ," ಎಂದಳು ಪ್ರಮಿಳಾ. "ರವಿವಾರ ಮಧ್ಯಾಹ್ನ ನೀವು ಬಸದ್ಯಾಗ ಇದ್ದಿಲ್ಲ."

ಚೊಂಬು ಬಟ್ಟೆಯ ಮೇಲೆ ಬಾಗಿತು. ನೀರು ನಿಧಾನಕ್ಕೆ ಇಳಿಯಿತು.

"ಫೋನು ವಿಪುಲ ಕೊಟ್ಟಿದ್ನ? ಏನಂತ ಹೇಳಿ ಕೊಟ್ಟಿದ್ದ?"

ಸುಂದರಾಬಾಯಿ ಇನ್ನೊಂದು ಚೊಂಬು ತುಂಬಿಕೊಂಡಳು.

"ಸತ್ತಾಂವ ನಿಮ್ಮ ಮಗ, ಅವ್ವಾರ."

ಸುಂದರಾಬಾಯಿ ಚೊಂಬು ಕೆಳಗಿಟ್ಟಳು.

"ಎರಡಿದ್ವು," ಎಂದಳು ಆಮೇಲೆ. "ಒಂದು ಹೋತು. ಇನ್ನೊಂದರೆ ಇರಲಿ."

ಮತ್ತೆ ಚೊಂಬು ಎತ್ತಿಕೊಂಡಳು. ಅದಾದ ಮೇಲೆ ಪ್ರಮಿಳಾ ಕೇಳಿದ ಯಾವುದಕ್ಕೂ ಆಕೆ ತಲೆ ಎತ್ತಲಿಲ್ಲ. ಬಾಗಿಲಲ್ಲಿ ನೇಮಣ್ಣ ಬಂದು ನಿಂತಿದ್ದ. ಅಡುಗೆಮನೆಗೆ ಹಿತ್ತಲಿನಿಂದ ಸುತ್ತಿ ಬಂದಿರಲಿಲ್ಲ. ಮೀನಿನ ಖೋಲಿಯೊಳಗಿಂದಲೇ ಬಂದಿದ್ದ. ಅವನು ಹೆಂಡತಿಯ ಕೈಯನ್ನು ನೋಡುತ್ತಿದ್ದ.

ಪಂಚನಾಮೆಯಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಒಬ್ಬ ವಿಧವೆಯ ಮಾತು, ಗೋಡೆಯಾಚೆಯಿಂದ ದನಿ ಮಾತ್ರ ಕೇಳಿದೆನೆಂಬ ಮುದುಕನ ಮಾತು, ಒಬ್ಬ ಮುದುಕಿಯ ಅರ್ಧ ಮಾತು, ನಿಂತ ನೀರು. ಪ್ರಮಿಳಾ ಸಾಹೇಬರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ಕಾಗದದ ಮ್ಯಾಲ ಏನೈತಿ?" ಎಂದರು.

ಸಂಜೆ ಐದರೊಳಗೆ ಕರೆಪ್ಪನನ್ನು ಖಾನಾಪುರದಲ್ಲಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ನ್ಯಾಯಾಂಗ ಬಂಧನಕ್ಕೆ ಆದೇಶವಾಯಿತು. ಜೀಪು ಹತ್ತುವಾಗ ಅವನು ಪ್ರಮಿಳಾಳನ್ನು ಏನೂ ಕೇಳಲಿಲ್ಲ.

ಅದೇ ಹೊತ್ತಿಗೆ ಬೀರೇಶ ಶಹಾಪುರದಲ್ಲಿ ವಿಪುಲನ ಅಂಗಡಿಯ ಮುಂದೆ ನಿಂತಿದ್ದ. ಶಟರಿಗೆ ಬೀಗ ಬಿದ್ದಿತ್ತು. ಬೀರೇಶ ವಿಪುಲನ ನಂಬರಿಗೆ ಕರೆ ಮಾಡಿದಾಗ ಶಟರಿನ ಒಳಗೆ ಫೋನು ರಿಂಗಾಯಿತು.

ಟವರ್ ರಿಪೋರ್ಟಿನ ಪ್ರಕಾರ ವಿಪುಲ ಆ ರಾತ್ರಿಯೂ ಬೆಳಗಾವಿಯಲ್ಲೇ ಇದ್ದ.